ನೆರಳಿಲ್ಲದ ನಡುಹಗಲು

ಏಪ್ರಿಲ್ 22ರ ಆಸುಪಾಸು ಲೊಕ್ಕನಹಳ್ಳಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನಡುಮಧ್ಯಾಹ್ನ ನೆರಳೇ ಇರುವುದಿಲ್ಲ. ಅದೇ ಗಳಿಗೆಯಲ್ಲಿ ಬೀದರಿನ ಕೋಲಿಗೆ ಅರ್ಧ ಗೇಣು ನೆರಳು. ಭೂಮಿಯ ಸುತ್ತಳತೆ ಕಂಡುಹಿಡಿಯಲು ಇಷ್ಟು ಸಾಕು! ದೂರದರ್ಶಕ ಬೇಡ, ಲ್ಯಾಬು ಬೇಡ. ಎರಡು ಕೋಲು, ಒಂದು ಫೋನ್ ಕರೆ.

ಹನ್ನೆರಡು ದಾಟಿದೆ. ಕೊಳ್ಳೇಗಾಲದಿಂದ ಬಂದ ಬಸ್ಸು ಲೊಕ್ಕನಹಳ್ಳಿಯಲ್ಲಿ ಜನರನ್ನು ಇಳಿಸಿ ಒಡೆಯರಪಾಳ್ಯದ ಕಡೆ ಹೊರಟಿದೆ. ಡಾಂಬರು ರಸ್ತೆಯಿಂದ ಝಳ ಏಳುತ್ತಿದೆ. ಬೇಸಿಗೆ ರಜಕ್ಕೆ ಊರಿಗೆ ಬಂದ ಹುಡುಗ ತಾತನ ಜತೆ ನಾಲ್ಕು ಹೆಜ್ಜೆ ಹಾಕಿದವನು ನಿಂತುಬಿಡುತ್ತಾನೆ. ಹಿಂದೆ ನೋಡುತ್ತಾನೆ, ಪಕ್ಕಕ್ಕೆ ನೋಡುತ್ತಾನೆ.

“ತಾತ, ನನ್ನ ನೆಳ್ಳೆಲ್ಲಿ?”

“ಕಾಲಡೀಲೇ ಅದೆ ಕನ ಮೊಗ. ನಡಿ ನಡಿ, ತಲೆ ಸುಡ್ತದೆ.”

ತಾತ ಹೇಳಿದ್ದರಲ್ಲಿ ತಪ್ಪಿಲ್ಲ. ಬೆಳಿಗ್ಗೆ ರಸ್ತೆಗೆ ಅಡ್ಡಲಾಗಿ ಬಿದ್ದಿದ್ದ ಕರೆಂಟು ಕಂಬದ ನೆರಳು ಈಗ ಕಂಬದ ಬುಡದಲ್ಲೇ ಅಡಗಿದೆ. ಟೀ ಅಂಗಡಿಯ ಚಪ್ಪರದ ಗೂಟಗಳಿಗೂ ನೆರಳಿಲ್ಲ. ನಲ್ಲಿಯ ಹತ್ತಿರ ಸಾಲಾಗಿ ಇಟ್ಟ ಬಿಂದಿಗೆಗಳ ಸುತ್ತ ಮಾತ್ರ ಬಳೆಯಂಥ ಕಪ್ಪು ಗೆರೆ; ಅದು ಬಿಂದಿಗೆಯ ಹೊಟ್ಟೆಯ ನೆರಳು.

ಬಿಳಿಗಿರಿರಂಗನ ಬೆಟ್ಟಸಾಲಿನ ಮೂಡಣ ಮಗ್ಗುಲಿನಲ್ಲಿ, ಹನೂರು ತಾಲ್ಲೂಕಿನಲ್ಲಿರುವ ಈ ಊರಿನ ಅಕ್ಷಾಂಶ ಹೆಚ್ಚುಕಡಿಮೆ 12 ಡಿಗ್ರಿ ಉತ್ತರ. ಏಪ್ರಿಲ್ 21, 22ರಂದು ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ಸೂರ್ಯ ಇಲ್ಲಿಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ಆಮೇಲೆ ಆಗಸ್ಟ್ 21, 22ರಂದು ಇನ್ನೊಮ್ಮೆ. ಖಗೋಳಾಸಕ್ತರು ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ.

ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಏಕಲ್ಲ? ನಮ್ಮ ಗಡಿಯಾರಗಳೆಲ್ಲ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ಲೊಕ್ಕನಹಳ್ಳಿ ಅಲ್ಲಿಂದ ಐದು ಡಿಗ್ರಿಗೂ ತುಸು ಹೆಚ್ಚು ಪಡುವಣಕ್ಕಿದೆ. ಒಂದೊಂದು ಡಿಗ್ರಿ ತಿರುಗಲು ಭೂಮಿಗೆ ನಾಲ್ಕು ನಿಮಿಷ ಬೇಕು. ಹಾಗಾಗಿ ಇಲ್ಲಿ ನಿಜವಾದ ನಡುಹಗಲು ಗಡಿಯಾರಕ್ಕಿಂತ ಇಪ್ಪತ್ತು ನಿಮಿಷ ತಡ.

ನೆರಳು ದಕ್ಷಿಣಕ್ಕೆ ಹೊರಳುವ ನಾಲ್ಕು ತಿಂಗಳು

ಭೂಮಿ ತನ್ನ ಸುತ್ತ ತಿರುಗುವ ಅಕ್ಷ ನೆಟ್ಟಗಿಲ್ಲ, 23.4 ಡಿಗ್ರಿ ವಾಲಿದೆ. ವಾಲಿದ ಹಾಗೆಯೇ ಅದು ಸೂರ್ಯನ ಸುತ್ತ ಹೋಗುತ್ತದೆ. ಆದ್ದರಿಂದ ಸೂರ್ಯ ನಡುನೆತ್ತಿಗೆ ಬರುವ ಜಾಗ ವರ್ಷವಿಡೀ ಕರ್ಕಾಟಕ ವೃತ್ತಕ್ಕೂ ಮಕರ ವೃತ್ತಕ್ಕೂ ನಡುವೆ ಓಡಾಡುತ್ತಿರುತ್ತದೆ. ಉತ್ತರಕ್ಕೆ ಹೋಗುವಾಗ ಏಪ್ರಿಲ್‌ನಲ್ಲಿ ನಮ್ಮನ್ನು ಹಾಯುತ್ತಾನೆ, ಮರಳುವಾಗ ಆಗಸ್ಟ್‌ನಲ್ಲಿ.

ನಡುವಿನ ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ಲೊಕ್ಕನಹಳ್ಳಿಯವರಿಗೆ ಉತ್ತರ ದಿಕ್ಕಿನಲ್ಲಿರುತ್ತಾನೆ. ಜೂನ್ 21ರ ನಡುಹಗಲು ಒಂದು ಮೀಟರ್ ಕೋಲಿನ ನೆರಳು ದಕ್ಷಿಣಕ್ಕೆ 20 ಸೆಂಟಿಮೀಟರ್ ಬೀಳುತ್ತದೆ. ಡಿಸೆಂಬರ್ 21ಕ್ಕೆ ಅದೇ ಕೋಲಿನ ನೆರಳು ಉತ್ತರಕ್ಕೆ 71 ಸೆಂಟಿಮೀಟರ್. ಬಡಗಣ ದಿಕ್ಕಿನ ಕಿಟಕಿ ಇರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಚಳಿಗಾಲದಲ್ಲಿ ಇಣುಕದ ಬಿಸಿಲು ಮುಂಗಾರಿನ ಹೊತ್ತಿಗೆ ಆ ಕಿಟಕಿಯಿಂದ ಒಳಗೆ ಬರುತ್ತದೆ.

ಲೊಕ್ಕನಹಳ್ಳಿ ದಾಟಿದರೆ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪು. 1970ರ ದಶಕದಲ್ಲಿ ಬಂದು ನೆಲೆ ನಿಂತವರ ಊರು. ಅಲ್ಲಿನ ಹಿರಿಯರ ತಾಯ್ನಾಡು ಪೂರ್ತಿಯಾಗಿ ಕರ್ಕಾಟಕ ವೃತ್ತದ ಆಚೆ ಇದೆ. ಲ್ಹಾಸಾದಲ್ಲಿ ಬಿರುಬೇಸಿಗೆಯ ನಡುಹಗಲೂ ಕೋಲಿಗೆ ನೆರಳು ಇದ್ದೇ ಇರುತ್ತದೆ. ಸೂರ್ಯ ಯಾವತ್ತೂ ಅಲ್ಲಿಯ ನೆತ್ತಿಗೆ ಏರುವುದಿಲ್ಲ. ಅವರು ತಮ್ಮ ನೆರಳನ್ನು ಕಳೆದುಕೊಳ್ಳಬಹುದಾದದ್ದು ಈ ದಕ್ಷಿಣದ ನೆಲಕ್ಕೆ ಬಂದ ಮೇಲೆಯೇ.

ವಿಜ್ಞಾನದ ಹುಚ್ಚು ಹತ್ತಿದ ಹುಡುಗರು ಮೊದಲು ಕೇಳುವುದು ಕಪ್ಪುಕುಳಿಯ ವಿಷಯ, ಮಹಾಸ್ಫೋಟದ ವಿಷಯ. ಕೇಳಲಿ, ಹೇಳೋಣ. ಆದರೆ ಆ ಉತ್ತರಗಳನ್ನೆಲ್ಲ ಅವರು ನಂಬಿ ಒಪ್ಪಬೇಕು. ನೆರಳನ್ನು ತಾವೇ ಅಳೆಯಬಹುದು. ಅಳೆದು ತಿಳಿದ ಒಂದು ಸಂಗತಿ ಕೇಳಿ ತಿಳಿದ ನೂರರ ತೂಕದ್ದು ಎಂಬುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ಕೋಲಿನಿಂದಲೇ ಶುರು ಮಾಡೋಣ.

ಬೀದರಿಗೊಂದು ಫೋನು

ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಎರಟೋಸ್ತನೀಸ್ ಎಂಬ ವಿದ್ವಾಂಸನಿದ್ದ. ದಕ್ಷಿಣದ ಸಯೀನ್ ಊರಿನಲ್ಲಿ ವರ್ಷದ ಒಂದು ಮಧ್ಯಾಹ್ನ ನೆರಳು ಇಲ್ಲವಾಗುತ್ತದೆಂದು ಅವನಿಗೆ ತಿಳಿದಿತ್ತು. ಅದೇ ದಿನ ತನ್ನೂರಿನಲ್ಲಿ ನೆರಳನ್ನು ಅಳೆದ. ಸೂರ್ಯ ನೆತ್ತಿಯಿಂದ ಪೂರ್ಣ ವೃತ್ತದ ಐವತ್ತನೇ ಒಂದು ಪಾಲು ಸರಿದಿದ್ದ. ಹಾಗಿದ್ದರೆ ಎರಡೂ ಊರುಗಳ ನಡುವಿನ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ ಎಂದು ಲೆಕ್ಕ ಹಾಕಿದ.

ಶಾಲೆಯ ಪುಸ್ತಕದಲ್ಲಿ ಈ ಕಥೆ ಇಲ್ಲಿಗೆ ಮುಗಿಯುತ್ತದೆ. ಅದನ್ನು ಕರ್ನಾಟಕದಲ್ಲೇ ಮಾಡಿ ನೋಡಬಹುದು. ಭೂಪಟ ಬಿಡಿಸಿ ಲೊಕ್ಕನಹಳ್ಳಿಯಿಂದ ನೇರ ಉತ್ತರಕ್ಕೆ ಗೆರೆ ಎಳೆಯಿರಿ. ರಾಜ್ಯದ ಆ ತುದಿಯಲ್ಲಿ ಗೆರೆ ಬೀದರಿನ ಮಗ್ಗುಲಲ್ಲೇ ಹಾಯುತ್ತದೆ. ಎರಡೂ ಊರಿಗೆ ನಡುಹಗಲಾಗುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಈ ಪ್ರಯೋಗಕ್ಕೆ ಇಂಥ ಜೋಡಿ ಊರು ಸಿಗುವುದು ಅಪರೂಪ.

ಲೊಕ್ಕನಹಳ್ಳಿಯಲ್ಲಿ ನೆರಳು ಮಾಯವಾದ ಗಳಿಗೆಗೆ ಬೀದರಿನಲ್ಲಿ ಒಂದು ಮೀಟರ್ ಕೋಲಿನ ನೆರಳು 10.4 ಸೆಂಟಿಮೀಟರ್ ಇರುತ್ತದೆ. ಅಂದರೆ ಅಲ್ಲಿ ಸೂರ್ಯ ನೆತ್ತಿಯಿಂದ 6 ಡಿಗ್ರಿ ಓರೆ. ವೃತ್ತದ 360 ಡಿಗ್ರಿಯಲ್ಲಿ 6 ಎಂದರೆ ಅರವತ್ತನೇ ಒಂದು ಪಾಲು. ಎರಡು ಊರುಗಳ ನಡುವೆ, ಹಕ್ಕಿ ಹಾರುವ ದಾರಿಯಲ್ಲಿ, ಸುಮಾರು 660 ಕಿಲೋಮೀಟರ್. ಅರವತ್ತರಿಂದ ಗುಣಿಸಿ: 39,600 ಕಿಲೋಮೀಟರ್.

ಧ್ರುವಗಳ ಮೇಲಿಂದ ಸುತ್ತಿದರೆ ಭೂಮಿಯ ಸುತ್ತಳತೆ 40,008 ಕಿಲೋಮೀಟರ್. ಎರಡು ಕೋಲು ನೆಟ್ಟವರಿಗೆ ನೂರಕ್ಕೆ ಒಂದರಷ್ಟು ತಪ್ಪಿನಲ್ಲಿ ಭೂಮಿಯ ಅಳತೆ ಕೈಗೆ ಸಿಕ್ಕಿತು!

ಇಲ್ಲಿ ಚುರುಕಾದ ಹುಡುಗಿಯೊಬ್ಬಳು ಅಡ್ಡ ಪ್ರಶ್ನೆ ಹಾಕಬಹುದು, ಹಾಕಲೇಬೇಕು. ಭೂಮಿ ಗುಂಡಗಿದೆ ಎಂದು ಮೊದಲೇ ಒಪ್ಪಿಕೊಂಡು ಲೆಕ್ಕ ಮಾಡಿದ್ದೇವಲ್ಲ? ಭೂಮಿ ರೊಟ್ಟಿಯ ಕಲ್ಲಿನಂತೆ ಸಪಾಟಾಗಿದ್ದು, ಸೂರ್ಯ ಲೊಕ್ಕನಹಳ್ಳಿಯ ಮೇಲೆ ಬರೀ 6,300 ಕಿಲೋಮೀಟರ್ ಎತ್ತರದಲ್ಲಿದ್ದರೂ ಬೀದರಿನಲ್ಲಿ ಅಷ್ಟೇ ನೆರಳು ಬೀಳುತ್ತದೆ. ಎರಡು ಕೋಲಿನಿಂದ ಈ ವ್ಯಾಜ್ಯ ತೀರುವುದಿಲ್ಲ.

ಮೂರನೇ ಕೋಲು ಬೇಕು, ಅದೂ ತುಂಬ ದೂರದಲ್ಲಿ. ಅದೃಷ್ಟಕ್ಕೆ ಇದೇ ಗೆರೆಯನ್ನು ಇನ್ನೂ ಉತ್ತರಕ್ಕೆ ಎಳೆದರೆ ದೆಹಲಿ, ಅದರಾಚೆ ಲಡಾಖಿನ ಲೇಹ್ ಸಿಗುತ್ತವೆ. ಭೂಮಿ ಸಪಾಟಾಗಿದ್ದರೆ ಆ ಮಧ್ಯಾಹ್ನ ಲೇಹ್‌ನ ಕೋಲಿಗೆ 39 ಸೆಂಟಿಮೀಟರ್ ನೆರಳಿರಬೇಕು. ಗುಂಡಗಿದ್ದರೆ 41. ಅಲ್ಲಿ ಬೀಳುವುದು 41. ಎರಡು ಸೆಂಟಿಮೀಟರಿನಲ್ಲಿ ಭೂಮಿಯ ಆಕಾರ ಇತ್ಯರ್ಥವಾಗುತ್ತದೆ.

ಬಾಕ್ಸ್: ಮಾಡಿ ನೋಡಿ

ಒಂದು ಮೀಟರ್ ಉದ್ದದ ನೇರವಾದ ಪಿವಿಸಿ ಪೈಪು ಸಾಕು. ನೆಲ ಮಟ್ಟವಾಗಿದೆಯೇ ಎಂದು ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಪೈಪು ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ಪರೀಕ್ಷಿಸಿ. ಪೈಪು ಒಂದೇ ಒಂದು ಡಿಗ್ರಿ ವಾಲಿದರೂ ನೆರಳಿನಲ್ಲಿ 1.7 ಸೆಂಟಿಮೀಟರ್ ತಪ್ಪುತ್ತದೆ. ಬೀದರಿನ 10 ಸೆಂಟಿಮೀಟರಿಗೆ ಅದು ದೊಡ್ಡ ತಪ್ಪು.

12 ಗಂಟೆಯಿಂದ 12.40ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡಿ. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದ ಹೊತ್ತೇ ನಿಮ್ಮೂರಿನ ನಡುಹಗಲು. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಲೇಬೇಡಿ. ಈ ಕೆಲಸಕ್ಕೆ ತಲೆ ಎತ್ತುವ ಅಗತ್ಯವೇ ಇಲ್ಲ.

ಹೆಂಚಿನ ತೂತಿನಲ್ಲಿ ಸೂರ್ಯ

ಕೋಲಿನ ನೆರಳನ್ನು ಬಗ್ಗಿ ನೋಡಿದವರಿಗೆ ಒಂದು ತೊಡಕು ಎದುರಾಗುತ್ತದೆ. ನೆರಳಿನ ತುದಿ ಚೂಪಾಗಿರುವುದಿಲ್ಲ. ಕಪ್ಪು ಬೂದಿಯಾಗಿ, ಬೂದಿ ಬಿಳಿಯಾಗಿ ಕರಗಿರುತ್ತದೆ. ಒಂದು ಮೀಟರ್ ಕೋಲಿಗೆ ಈ ಮಸುಕು ಅಂಚು ಸುಮಾರು ಒಂದು ಸೆಂಟಿಮೀಟರ್ ಅಗಲ.

ಇದು ಕೋಲಿನ ದೋಷವಲ್ಲ, ಕಣ್ಣಿನದ್ದೂ ಅಲ್ಲ. ಸೂರ್ಯ ಚುಕ್ಕೆಯಲ್ಲ, ಅಗಲವಾದ ಬಿಲ್ಲೆ. ಮಸುಕು ಅಂಚಿನಲ್ಲಿ ಕೂತ ಇರುವೆಗೆ ಸೂರ್ಯ ಅರ್ಧ ಕಾಣಿಸುತ್ತಾನೆ, ಇನ್ನರ್ಧವನ್ನು ಕೋಲಿನ ತುದಿ ಮರೆಮಾಡಿರುತ್ತದೆ.

ಹಾಗಾದರೆ ಆ ಬಿಲ್ಲೆ ಎಷ್ಟು ದೊಡ್ಡದು? ಹಳೆಯ ಹೆಂಚಿನ ಮನೆಯಲ್ಲಿ ಬೆಳೆದವರು ಬಿಸಿಲು ಕೋಲನ್ನು ಕಂಡಿರುತ್ತಾರೆ. ಹೆಂಚಿನ ಸಣ್ಣ ತೂತಿನಿಂದ ಇಳಿದು ಧೂಳಿನಲ್ಲಿ ಹೊಳೆಯುತ್ತ ನೆಲದ ಮೇಲೊಂದು ಬೆಳಕಿನ ಬಿಲ್ಲೆಯಾಗಿ ಕೂರುತ್ತದೆ. ತೂತು ಮೂಲೆಮೂಲೆಯಾಗಿದ್ದರೂ ಬಿಲ್ಲೆ ಗುಂಡಗೇ ಇರುತ್ತದೆ. ಏಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಹುಣಸೆ ಮರದ ಕೆಳಗೆ ನೆರಳಿನೊಳಗೆ ಚೆಲ್ಲಿದಂತೆ ಕಾಣುವ ದುಂಡನೆಯ ಬೆಳಕಿನ ಚುಕ್ಕೆಗಳೂ ಅಷ್ಟೇ. ಒಂದೊಂದೂ ಒಬ್ಬೊಬ್ಬ ಸೂರ್ಯ.

ಬೇರೆ ದಿನಗಳಲ್ಲಿ ಈ ಬಿಲ್ಲೆ ನೆಲದ ಮೇಲೆ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿರುತ್ತದೆ. ನೆರಳಿಲ್ಲದ ಮಧ್ಯಾಹ್ನ ಮಾತ್ರ ನಿಖರವಾದ ವೃತ್ತ. ಅಳೆಯಲು ಅದೇ ತಕ್ಕ ಸಮಯ. ಸೂರಿನ ಎತ್ತರ 4 ಮೀಟರ್ ಇದ್ದರೆ ಬಿಲ್ಲೆ ಸುಮಾರು 3.7 ಸೆಂಟಿಮೀಟರ್ ಅಗಲ ಇರುತ್ತದೆ. ಎತ್ತರ ಅಗಲದ 108 ಪಟ್ಟು. ತೂತಿನಿಂದ ನೆಲಕ್ಕೆ ಯಾವ ಲೆಕ್ಕವೋ ತೂತಿನಿಂದ ಸೂರ್ಯನಿಗೂ ಅದೇ ಲೆಕ್ಕ. ಸೂರ್ಯನ ದೂರ 15 ಕೋಟಿ ಕಿಲೋಮೀಟರ್. 108ರಿಂದ ಭಾಗಿಸಿದರೆ ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ನಮ್ಮ ಭೂಮಿಯಂಥ 109 ಗೋಲಗಳನ್ನು ಅಕ್ಕಪಕ್ಕ ಜೋಡಿಸಿದಷ್ಟು.

ಗ್ರಹಣ ಹಿಡಿದಾಗ ಮರದಡಿಯ ಈ ಸೂರ್ಯರೆಲ್ಲ ಒಟ್ಟಿಗೆ ಕುಡುಗೋಲಿನ ಆಕಾರ ತಾಳುತ್ತಾರೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಹಾಗಾಗಿತ್ತು. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಉಂಗುರವಾಗಿದ್ದ, ನಮ್ಮ ಕಡೆ ತೆಳು ಕುಡುಗೋಲಾಗಿದ್ದ. ಅದೇ ಕಾಸರಗೋಡಿನ ಬೇಕಲ ಕೋಟೆಗೆ 1871ರ ಡಿಸೆಂಬರ್ 12ರ ಪೂರ್ಣ ಗ್ರಹಣ ನೋಡಲು ಇಂಗ್ಲೆಂಡಿನಿಂದ ನಾರ್ಮನ್ ಲಾಕ್ಯರ್ ಬಂದಿದ್ದರು. ಮುಂದಿನ ದೊಡ್ಡ ಅವಕಾಶ 2031ರ ಮೇ 21. ಕೇರಳ, ತಮಿಳುನಾಡಿನ ದಕ್ಷಿಣ ಭಾಗದವರಿಗೆ ಉಂಗುರ, ಚಾಮರಾಜನಗರ ಜಿಲ್ಲೆಯವರಿಗೆ ದೊಡ್ಡ ಪಾರ್ಶ್ವ ಗ್ರಹಣ. ಈಗ ಐದನೇ ಕ್ಲಾಸಿನಲ್ಲಿರುವ ಹುಡುಗಿ ಆಗ ತಾನೇ ಹೆಂಚಿನ ತೂತಿನಲ್ಲಿ ಅಳತೆ ಮಾಡುವಷ್ಟು ದೊಡ್ಡವಳಾಗಿರುತ್ತಾಳೆ.

ಮಳೆಗೆ ನಕ್ಷತ್ರದ ಹೆಸರೇಕೆ?

ಲೊಕ್ಕನಹಳ್ಳಿ ಸುತ್ತಿನದು ಹೆಚ್ಚಾಗಿ ಮಳೆಯಾಶ್ರಯದ ಹೊಲ. ಏಪ್ರಿಲ್ ಕೊನೆ ಬಂತೆಂದರೆ ಜಗಲಿಯ ಮಾತೆಲ್ಲ ಒಂದೇ: ಭರಣಿ ಹುಯ್ಯುತ್ತದೋ ಇಲ್ಲವೋ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಗೊತ್ತಿಲ್ಲದ ರೈತರಿಲ್ಲ. ಆಮೇಲೆ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ. ಮುಂದೆ ಹಸ್ತ, ಚಿತ್ತೆಯ ಹಿಂಗಾರು.

ಇವೆಲ್ಲ ನಕ್ಷತ್ರಗಳ ಹೆಸರು. ಶಾಲೆಗೆ ಹೋಗದ ಅಜ್ಜಿಗೂ ಬಾಯಿಪಾಠ. ಇಷ್ಟು ದೊಡ್ಡ ಖಗೋಳಶಾಸ್ತ್ರ ಮನೆಯಲ್ಲೇ ಇರುವಾಗ ಮಕ್ಕಳಿಗೆ ಅದನ್ನು ಪರದೇಶದ ವಿದ್ಯೆ ಎಂಬಂತೆ ಕಲಿಸುವುದು ನನಗೆ ಸಂಕಟದ ವಿಷಯ.

ಲೆಕ್ಕ ಸರಳ. ವರ್ಷವಿಡೀ ಭೂಮಿ ಸುತ್ತುವಾಗ ಸೂರ್ಯ ಒಂದಾದ ಮೇಲೊಂದು ನಕ್ಷತ್ರದ ದಿಕ್ಕಿನಲ್ಲಿ ಕಾಣುತ್ತಾನೆ. ಆ ದಾರಿಯನ್ನು 27 ಪಾಲು ಮಾಡಿದರೆ ಒಂದೊಂದಕ್ಕೆ 13, 14 ದಿನ. ಸೂರ್ಯ ಆರಿದ್ರೆಯ ಪಾಲಿನಲ್ಲಿರುವ ಎರಡು ವಾರ ಬೀಳುವುದೇ ಆರಿದ್ರೆ ಮಳೆ.

ಹಗಲಲ್ಲಿ ನಕ್ಷತ್ರ ಕಾಣುವುದಿಲ್ಲವಲ್ಲ, ಸೂರ್ಯ ಯಾವುದರ ಪಕ್ಕ ಇದ್ದಾನೆಂದು ಹಿರಿಯರಿಗೆ ತಿಳಿದದ್ದು ಹೇಗೆ? ಈ ಬೇಸಿಗೆಯಲ್ಲಿ ನೀವೇ ನೋಡಬಹುದು. ಏಪ್ರಿಲ್ ಕೊನೆಯ ಸಂಜೆ ಕತ್ತಲಾದ ಮೇಲೆ ಪಡುವಣಕ್ಕೆ ತಿರುಗಿ. ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳ ನಡುಪಟ್ಟಿ ಕಟ್ಟಿದ ಮಹಾವ್ಯಾಧ ಇಳಿಯುತ್ತಿರುತ್ತಾನೆ. ಅವನ ಭುಜದಲ್ಲಿ ಕೆಂಪಗೆ ಹೊಳೆಯುವುದು ಆರಿದ್ರೆ. ಏಪ್ರಿಲ್ 22ರಂದು ರಾತ್ರಿ ಹತ್ತು ದಾಟಿದ ಮೇಲೆ ಮುಳುಗುವ ಅದು ಮರುದಿನ ನಾಲ್ಕು ನಿಮಿಷ ಮೊದಲು ಮುಳುಗುತ್ತದೆ, ಅದರ ಮರುದಿನ ಇನ್ನೂ ನಾಲ್ಕು ನಿಮಿಷ ಮೊದಲು. ಮೇ ಕೊನೆಗೆ ಮುಸ್ಸಂಜೆಯ ಬೆಳಕಿನಲ್ಲಿ ಹುಡುಕಬೇಕಾಗುತ್ತದೆ. ಜೂನ್‌ನಲ್ಲಿ ಪತ್ತೆಯೇ ಇಲ್ಲ, ಸೂರ್ಯನ ಜತೆಗೇ ಹುಟ್ಟಿ ಸೂರ್ಯನ ಜತೆಗೇ ಮುಳುಗುತ್ತಿರುತ್ತದೆ. ಪಂಚಾಂಗದಲ್ಲಿ ಆರಿದ್ರೆ ಮಳೆ ಹುಟ್ಟುವುದು ಜೂನ್ 21, 22ರ ಸುಮಾರಿಗೆ.

ಆರು ತಿಂಗಳು ಕಳೆದರೆ ಲೆಕ್ಕ ತಿರುಗುಮುರುಗು. ರಾಗಿ ಕೊಯ್ಲಿನ ಹೊತ್ತಿಗೆ ಆನೆ, ಹಂದಿ ಬಾರದಂತೆ ಅಟ್ಟಣೆಯ ಮೇಲೆ ಕಾವಲು ಕೂರುವವರಿಗೆ ಡಿಸೆಂಬರಿನ ನಡುರಾತ್ರಿ ಆರಿದ್ರೆ ನೆತ್ತಿಯ ಹತ್ತಿರವೇ ಕಾಣುತ್ತದೆ.

ಒಂದು ಮಾತು ಬಿಡಿಸಿ ಹೇಳಬೇಕು. ನಕ್ಷತ್ರ ಮಳೆ ತರುವುದಿಲ್ಲ. ಮಳೆ ತರುವುದು ಕಾದ ನೆಲ, ಕಡಲಿನ ಗಾಳಿ. ನಕ್ಷತ್ರ ಹೇಳುವುದು ತಾರೀಖು ಮಾತ್ರ. ಆ ತಾರೀಖೂ ನಿಂತಲ್ಲಿ ನಿಂತಿಲ್ಲ. ಭೂಮಿಯ ಅಕ್ಷ 26 ಸಾವಿರ ವರ್ಷಕ್ಕೊಮ್ಮೆ ಬುಗುರಿಯ ತಲೆಯ ಹಾಗೆ ನಿಧಾನವಾಗಿ ಸುತ್ತುವುದರಿಂದ ಮಳೆ ನಕ್ಷತ್ರಗಳು ಸುಮಾರು 71 ವರ್ಷಕ್ಕೆ ಒಂದು ದಿನ ಮುಂದಕ್ಕೆ ಸರಿಯುತ್ತವೆ. ಸಾವಿರದ ಐನೂರು ವರ್ಷಗಳ ಹಿಂದೆ, ವರಾಹಮಿಹಿರನ ಕಾಲದಲ್ಲಿ, ಸೂರ್ಯ ಆರಿದ್ರೆಗೆ ಬರುತ್ತಿದ್ದದ್ದು ಈಗಿನ ಲೆಕ್ಕದ ಮೇ ಕೊನೆಗೆ.

ಆರಿದ್ರೆಯ ಬೆಳಕಿಗೂ ವಯಸ್ಸಿದೆ. ನಮ್ಮಿಂದ ಅದರ ದೂರ 500ರಿಂದ 700 ಜ್ಯೋತಿರ್ವರ್ಷ ಎಂದು ಅಂದಾಜು. ಈ ರಾತ್ರಿ ಕಣ್ಣಿಗೆ ಬೀಳುವ ಕೆಂಪು ಹೊರಟಾಗ ಹಂಪೆಯಲ್ಲಿ ವಿಜಯನಗರದ ಅರಸರ ಆಳ್ವಿಕೆ. 2019ರ ಕೊನೆಗೆ ಈ ನಕ್ಷತ್ರ ಇದ್ದಕ್ಕಿದ್ದಂತೆ ಮಂಕಾಗಿ, ಸಿಡಿದೇಹೋಗುತ್ತದೇನೋ ಎಂದು ಜಗತ್ತೆಲ್ಲ ಕಾದಿತ್ತು. ತಾನೇ ಉಗುಳಿದ ಧೂಳಿನ ಮೋಡ ಅಡ್ಡ ಬಂದದ್ದು ಮುಖ್ಯ ಕಾರಣ ಎಂದು ಆಮೇಲೆ ತಿಳಿಯಿತು. ಅದೂ ಒಂದು ಬಗೆಯ ನೆರಳೇ.

ಬಾಕ್ಸ್: ಗಂಟೆಗೆ 1,630 ಕಿಲೋಮೀಟರ್

ಭೂಮಿಯ ಜತೆ ಲೊಕ್ಕನಹಳ್ಳಿ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಮೂಡಣಕ್ಕೆ ತಿರುಗುತ್ತಿದೆ. ಬೀದರಿಗಿಂತ 44 ಕಿ.ಮೀ. ಹೆಚ್ಚು ವೇಗ, ಏಕೆಂದರೆ ಸಮಭಾಜಕಕ್ಕೆ ಹತ್ತಿರವಾದಷ್ಟೂ ಸುತ್ತು ದೊಡ್ಡದು. ನಮಗೆ ಗೊತ್ತಾಗುವುದಿಲ್ಲ, ಏಕೆಂದರೆ ವೇಗ ಏರುವುದಿಲ್ಲ, ಇಳಿಯುವುದಿಲ್ಲ. ಮೈಗೆ ತಿಳಿಯುವುದು ವೇಗವಲ್ಲ, ವೇಗದ ಬದಲಾವಣೆ.

ಭೂಮಿಯ ನೆರಳೊಳಗೆ

ರಾತ್ರಿ ಎನ್ನುವುದು ಭೂಮಿ ತನ್ನದೇ ಬೆನ್ನಿಗೆ ಚೆಲ್ಲಿದ ನೆರಳು. ಬಾಹ್ಯಾಕಾಶದಲ್ಲಿ ಅದು ಶಂಕುವಿನಂತೆ ಮೊನಚಾಗುತ್ತ ಸುಮಾರು 14 ಲಕ್ಷ ಕಿಲೋಮೀಟರ್ ಚಾಚಿದೆ. ಚಂದ್ರ ಅದರೊಳಗೆ ಹೊಕ್ಕಾಗ ಚಂದ್ರಗ್ರಹಣ. 2025ರ ಸೆಪ್ಟೆಂಬರ್ 7ರ ರಾತ್ರಿ ಇಡೀ ದೇಶ ನೋಡಿದ್ದು ಅದನ್ನೇ. ಚಂದ್ರನ ಮೇಲೆ ಹರಿದ ಆ ನೆರಳಿನ ಅಂಚು ದುಂಡಗಿತ್ತು. ಲೇಹ್‌ಗೆ ಹೋಗಿ ಕೋಲು ನೆಡಲಾಗದವರಿಗೆ ಭೂಮಿ ಗುಂಡಗಿರುವುದಕ್ಕೆ ಇನ್ನೊಂದು ಸಾಕ್ಷಿ. ಗ್ರಹಣವೆಂದರೆ ನೆರಳು ಎಂದು ಆರ್ಯಭಟ ಕ್ರಿಸ್ತಶಕ 499ರಲ್ಲೇ ಬರೆದಿಟ್ಟಿದ್ದಾನೆ.

ಈ ನೆರಳನ್ನು ಅಪ್ಪಟವಾಗಿ ಉಳಿಸಿಕೊಂಡ ಊರುಗಳು ಈಗ ಕಡಿಮೆ. ಬೆಂಗಳೂರಿನ ಮಕ್ಕಳಿಗೆ ಆಕಾಶಗಂಗೆ ಪುಸ್ತಕದ ಚಿತ್ರ. ಪಡುವಣಕ್ಕೆ ಬಿಳಿಗಿರಿರಂಗನ ಬೆಟ್ಟದ ಕಾಡು, ಮೂಡಣಕ್ಕೆ ಮಲೆ ಮಹದೇಶ್ವರ ಬೆಟ್ಟದ ಕಾಡು ಇರುವ ಲೊಕ್ಕನಹಳ್ಳಿಯಲ್ಲಿ ಅದು ಇನ್ನೂ ಆಕಾಶದಲ್ಲೇ ಇದೆ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪರಸೆಯವರು ತಿಂಗಳ ಅತಿ ಕಪ್ಪು ರಾತ್ರಿಯ ಕೆಳಗೇ ನಡೆದಿರುತ್ತಾರೆ. ಚಂದ್ರ ಆಗ ಸೂರ್ಯನ ಮಗ್ಗುಲಿಗೆ ಸೇರಿರುತ್ತಾನೆ.

12 ಡಿಗ್ರಿ ಅಕ್ಷಾಂಶದ ಇನ್ನೊಂದು ಭಾಗ್ಯ, ಎರಡೂ ಕಡೆಯ ಆಕಾಶ ಸಿಗುವುದು. ಉತ್ತರಕ್ಕೆ ಧ್ರುವ ನಕ್ಷತ್ರ ದಿಗಂತದಿಂದ 12 ಡಿಗ್ರಿ ಎತ್ತರದಲ್ಲಿರುತ್ತದೆ. ಧ್ರುವದ ಎತ್ತರವೇ ಊರಿನ ಅಕ್ಷಾಂಶ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ ಅಗಲ. ಒಂದು ಮುಷ್ಟಿ, ಮೇಲೊಂದು ಬೆರಳು: ಅಲ್ಲಿ ಹುಡುಕಿ. ಏಪ್ರಿಲ್ ಕೊನೆಯ ರಾತ್ರಿ ಹತ್ತೂವರೆ, ಹನ್ನೊಂದರ ಹೊತ್ತಿಗೆ ದಕ್ಷಿಣಕ್ಕೆ ತಿರುಗಿದರೆ, ಗುಡ್ಡ ಅಡ್ಡ ಬಾರದ ಕಡೆ, ತ್ರಿಶಂಕುವಿನ ನಾಲ್ಕು ನಕ್ಷತ್ರಗಳು ನೆಟ್ಟಗೆ ನಿಂತಿರುತ್ತವೆ. ಪೂರ್ತಿ ತ್ರಿಶಂಕು ದೆಹಲಿಯವರಿಗೆ ದಿಗಂತದ ಮೇಲೆ ಬರುವುದೇ ಇಲ್ಲ. ಅದರ ಎಡಕ್ಕೆ ಎರಡು ಪ್ರಖರ ನಕ್ಷತ್ರಗಳು. ಅವುಗಳಲ್ಲಿ ತ್ರಿಶಂಕುವಿನಿಂದ ಹೆಚ್ಚು ಆಚೆ ಕಾಣುವುದು ಆಲ್ಫಾ ಸೆಂಟಾರಿ, ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರ ಕುಟುಂಬ. ಅಲ್ಲಿಂದ ಬೆಳಕು ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು.

ಇದಕ್ಕೆಲ್ಲ ಮನೆಯ ತಾರಸಿಯೇ ಸಾಕು. ಕಾಡಂಚಿನ ಊರು, ಆನೆ ಓಡಾಡುವ ದಾರಿ. ನಕ್ಷತ್ರ ನೋಡಲು ಹೊಲದ ಕಡೆ ಹೋಗುವುದು ಬೇಡ.

ನೆರಳನ್ನೇ ಬೀಳಿಸದವು

ಬೆಳಕಿಗೆ ಕೋಲು ಅಡ್ಡ ಬಂದರೆ ನೆರಳು. ಬಂಡೆ ಅಡ್ಡ ಬಂದರೆ? ಬೆಟ್ಟವೇ ಅಡ್ಡ ಬಂದರೆ? ಇಡೀ ಭೂಮಿ ಅಡ್ಡ ಬಂದರೂ ನಿಲ್ಲದವು ಇವೆಯೇ? ಉತ್ತರ ಹುಡುಕಲು ಚಿನ್ನದ ಗಣಿಗೆ ಇಳಿಯಬೇಕು.

ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ 1902ರಲ್ಲಿ ವಿದ್ಯುತ್ ತಯಾರಾಗಿ 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆ ಗಣಿಗಳು ಆಳಕ್ಕೆ ಇಳಿಯುತ್ತ ಹೋದವು. ಅಲ್ಲಿಗೆ 1950ರ ದಶಕದ ಮೊದಲಿಗೆ ಉಪಕರಣ ಹೊತ್ತು ಇಳಿದವರು ಬಿ.ವಿ. ಶ್ರೀಕಂಠನ್, 1925ರಲ್ಲಿ ನಮ್ಮ ನೆರೆಯ ನಂಜನಗೂಡಿನಲ್ಲಿ ಹುಟ್ಟಿದವರು. ಶ್ರೀಕಂಠನ್ ಅವರನ್ನು ಹೋಮಿ ಭಾಭಾ ಕಳಿಸಿದ್ದು ವಿಶ್ವಕಿರಣಗಳ ಅಧ್ಯಯನಕ್ಕೆ.

ಬಾಹ್ಯಾಕಾಶದಿಂದ ಬಂದ ಕಣಗಳು ನಮ್ಮ ಗಾಳಿಗೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟಿ ಕೆಳಗೆ ಸುರಿಯುತ್ತವೆ. ಚಾಚಿದ ಅಂಗೈಯನ್ನು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಆನ್ ತೂರಿಹೋಗುತ್ತದೆ. ಹೆಂಚು, ತಾರಸಿ ಯಾವುದೂ ಲೆಕ್ಕಕ್ಕಿಲ್ಲ. ಆದರೆ ಕಿಲೋಮೀಟರುಗಟ್ಟಲೆ ಬಂಡೆ ಅವನ್ನು ತಡೆಯುತ್ತದೆ. ಗಣಿಯ ತಳ ಆ ಬಂಡೆಯ ನೆರಳಿನಲ್ಲಿದೆ.

ಆ ನೆರಳಿನಲ್ಲಿ ಕಾದು ಕೂತರೆ, ಬಂಡೆಗೂ ಜಗ್ಗದ ಕಣ ಸಿಗಬಹುದು. ಸಿಕ್ಕಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದವರು ಸೇರಿ 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಅವು ಸಿಕ್ಕವು. ಜಗತ್ತಿನಲ್ಲಿ ಅದಕ್ಕೆ ಮುಂಚೆ ಯಾರೂ ಅವನ್ನು ಕಂಡಿರಲಿಲ್ಲ.

ಸೂರ್ಯನೂ ನ್ಯೂಟ್ರಿನೊಗಳನ್ನು ಕಳಿಸುತ್ತಾನೆ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ. ನಡುಹಗಲಲ್ಲಿ ಅವು ನೆತ್ತಿಯಿಂದ ಇಳಿದು ಕಾಲಡಿಗೆ ಹೋಗುತ್ತವೆ. ನಡುರಾತ್ರಿ, ಸೂರ್ಯ ಭೂಮಿಯ ಆಚೆ ಮುಖದಲ್ಲಿರುವಾಗ, ಅಷ್ಟೂ ಭೂಮಿಯನ್ನು ತೂರಿ ಚಾಪೆಯ ಕೆಳಗಿನಿಂದ ಮೇಲಕ್ಕೆ ಬರುತ್ತವೆ. ಅವುಗಳ ಪಾಲಿಗೆ ರಾತ್ರಿಯೇ ಇಲ್ಲ.

ಬಾಕ್ಸ್: ನಿಮ್ಮೂರಿನಲ್ಲಿ ಯಾವಾಗ?

ಮೈಸೂರು ಏಪ್ರಿಲ್ 22–23, ಬೆಂಗಳೂರು ಮತ್ತು ಮಂಗಳೂರು ಏಪ್ರಿಲ್ 24, ಹುಬ್ಬಳ್ಳಿ ಮೇ 2–3, ಬೀದರ್ ಮೇ 12ರ ಆಸುಪಾಸು. ಸೂರ್ಯ ಉತ್ತರಕ್ಕೆ ಸರಿದಂತೆ ನೆರಳಿಲ್ಲದ ಮಧ್ಯಾಹ್ನವೂ ಮೂರು ವಾರಗಳಲ್ಲಿ ಇಡೀ ಕರ್ನಾಟಕವನ್ನು ದಾಟುತ್ತದೆ.

ಆಗಸ್ಟ್‌ಗೆ ಇನ್ನೊಂದು ಸಲ

ಏಪ್ರಿಲ್‌ನಲ್ಲಿ ಶಾಲೆಗೆ ರಜ. ಮಕ್ಕಳನ್ನು ಸೇರಿಸುವುದು ಕಷ್ಟ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಆದರೆ ನಾಡಿನ ಹೆಚ್ಚು ಕಡೆ ಮೋಡ. ಇಲ್ಲಿ ಲೊಕ್ಕನಹಳ್ಳಿಗೆ ಅದರ ನೆಲವೇ ಅನುಕೂಲ ಮಾಡಿಕೊಟ್ಟಿದೆ. ಪಡುವಣದಿಂದ ಬರುವ ಮುಂಗಾರಿನ ಮೋಡ ಘಟ್ಟದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಸುರಿದು ಹಗುರಾಗಿರುತ್ತದೆ. ಇದು ಮಳೆನೆರಳಿನ ಸೀಮೆ. ರೈತರಿಗೆ ಅದು ಬೇಸರದ ಸಂಗತಿ, ಕೋಲು ನೆಟ್ಟು ಕಾಯುವ ಮಕ್ಕಳಿಗೆ ಬಿಸಿಲು ಸಿಗುವ ಭರವಸೆ.

ಓದಲು ಕನ್ನಡದಲ್ಲಿ ಸಾಮಗ್ರಿಗೆ ಬರವಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದು ಶತಮಾನ ದಾಟಿದೆ. ಗಣಿತದ ಮೇಷ್ಟರಾಗಿದ್ದ ಜಿ.ಟಿ. ನಾರಾಯಣ ರಾವ್ ನಕ್ಷತ್ರ ಗುರುತಿಸುವುದನ್ನು ಹೇಳಿಕೊಡಲೆಂದೇ ಕನ್ನಡದಲ್ಲಿ ಪುಸ್ತಕ ಬರೆದರು. ಹಳ್ಳಿ ಗ್ರಂಥಾಲಯದ ಕಪಾಟಿನಲ್ಲಿ ಅವರ ಪುಸ್ತಕ ಕಂಡರೆ ಬಿಡಬೇಡಿ.

ಆಗಸ್ಟ್‌ನಲ್ಲಿ ಅವಕಾಶ ಎರಡು. 1, 2ನೇ ತಾರೀಖು ಬೀದರಿನಲ್ಲಿ ನೆರಳಿಲ್ಲ, 21, 22ಕ್ಕೆ ಲೊಕ್ಕನಹಳ್ಳಿಯಲ್ಲಿ. ಹನೂರು, ಕೊಳ್ಳೇಗಾಲ, ಯಳಂದೂರಿನ ಮೇಷ್ಟ್ರುಗಳು, ಟೀಚರುಗಳು ಬೀದರಿನ ಕಡೆ ಪರಿಚಯದ ಶಾಲೆ ಇದ್ದರೆ ಈಗಲೇ ಮಾತಾಡಿಟ್ಟುಕೊಳ್ಳಲಿ. ಎರಡು ಕಡೆಯೂ ಕೋಲು ಒಂದೇ ಅಳತೆಯದ್ದಿರಲಿ. ಬೀದರಿನ ದಿನ ಇಲ್ಲಿ ಅಳೆಯುವವರು ಕೋಲಿನ ದಕ್ಷಿಣ ಮಗ್ಗುಲಿನಲ್ಲಿ ನೆಲ ಗುಡಿಸಿ ಮಟ್ಟ ಮಾಡಿಕೊಳ್ಳಬೇಕು. ಆ ಹತ್ತು ಸೆಂಟಿಮೀಟರ್ ನೆರಳು ಬೀಳುವುದು ಅತ್ತ ಕಡೆ.